ಹದಿಹರೆಯದ ಮಗು ಯಾರಲ್ಲಿ ಹೇಳಿಕೊಳ್ಳಬೇಕು?

(ಪ್ರೌಢಶಾಲೆಯೊಂದರ ಪಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸ)

ಪಾಲಕ ಬಂಧುಗಳೇ, ಸಹೋದ್ಯೋಗಿ ಮಿತ್ರರೇ,

ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಊರಿನಲ್ಲಿ ಒಂಬತ್ತನೇ ತರಗತಿಯ ವರ್ಗಶಿಕ್ಷಕನಾಗಿದ್ದಾಗ, ಹುಡುಗನೊಬ್ಬನ ಚೀಲದಲ್ಲಿ ಮಡಚಿಟ್ಟಿದ್ದ ಕರವಸ್ತ್ರವೊಂದು ನನ್ನ ಕೈಗೆ ಸಿಕ್ಕಿತು. ಅದರ ನಡುಭಾಗ ಗಂಜಿ ಹಾಕಿದಂತೆ ಬಿರುಸಾಗಿತ್ತು. ಮೂಗಿನ ಬಳಿ ತಂದರೆ ಸೈಕಲ್ ಅಂಗಡಿಯ ವಾಸನೆ. ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಅದಕ್ಕೆ ಹಿಂಡಿಕೊಂಡು ಅವನು ಮೂಸುತ್ತಿದ್ದ. ಆ ದಿನವೇ ಅವನ ತಂದೆಯನ್ನು ಕರೆಸಿದೆ. ಅವರು ನನ್ನೆದುರೇ ಮಗನಿಗೆ ಹೊಡೆದರು. ಮರುವಾರದಿಂದ ಹುಡುಗ ಶಾಲೆಗೆ ಬರಲಿಲ್ಲ. ಅವನು ಯಾವ ಸಂಕಟಕ್ಕೆ ಅದನ್ನು ಮೂಸಲು ಶುರುಮಾಡಿದ, ಅದನ್ನು ಯಾರಲ್ಲಾದರೂ ಹೇಳಿಕೊಂಡಿದ್ದನೇ ಎಂದು ನಾನು ಕೇಳಲೇ ಇಲ್ಲ. ಅಂದು ಕೇಳದೆ ಉಳಿದ ಆ ಪ್ರಶ್ನೆಯ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೀಗೆ ಮೂಸುವ ಪದಾರ್ಥಗಳ ಬಳಕೆ ವಯಸ್ಕರಲ್ಲಿ ಶೇ 0.58ರಷ್ಟಿದ್ದರೆ, 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.17ರಷ್ಟಿದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಅಮಲು ಇದೊಂದೇ. ವೈಟ್ನರ್, ಥಿನ್ನರ್, ಸಲ್ಯೂಷನ್ ಕೊಳ್ಳಲು ಹೋದ ಮಗುವನ್ನು ಯಾವ ಅಂಗಡಿಯವರೂ ಅನುಮಾನಿಸುವುದಿಲ್ಲ. ಜೇಬಿನ ಚಿಲ್ಲರೆಯಲ್ಲೇ ಕೆಲಸ ಮುಗಿಯುತ್ತದೆ. ಇದರ ಜೊತೆಗೆ, ನಮ್ಮ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17ರ ಹರೆಯದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು ಎಂಬುದನ್ನೂ ನೆನಪಿಡೋಣ.

ಸಾಮಾಜಿಕ ಬೆಂಬಲ ಎಂದಾಗ ನಾವು ಸಾಮಾನ್ಯವಾಗಿ ಫೀಸು, ಪುಸ್ತಕ, ಊಟ, ಬಟ್ಟೆಗಳ ಲೆಕ್ಕ ಹಾಕುತ್ತೇವೆ. ಅವು ಬೇಕೇ ಬೇಕು. ಆದರೆ 1985ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗಿನ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕಷ್ಟದ ಪೆಟ್ಟನ್ನು ತಗ್ಗಿಸುವುದರಲ್ಲಿ ‘ಬೇಕೆಂದಾಗ ನನ್ನವರು ಇದ್ದಾರೆ’ ಎಂಬ ವ್ಯಕ್ತಿಯ ನಂಬಿಕೆಗೇ ಹೆಚ್ಚಿನ ತೂಕವಿರುವುದು ಕಂಡುಬಂತು. ಹಾಗಾಗಿ ‘ಇವನಿಗೆ ನಾವೇನು ಕಡಿಮೆ ಮಾಡಿದ್ದೇವೆ’ ಎಂದು ತಂದೆತಾಯಿ ನೊಂದು ಕೇಳುವುದೂ, ‘ನನಗೆ ಯಾರೂ ಇಲ್ಲ’ ಎಂದು ಅದೇ ಮನೆಯ ಮಗು ಒಳಗೊಳಗೇ ಅಂದುಕೊಳ್ಳುವುದೂ ಏಕಕಾಲದಲ್ಲಿ ನಿಜವಾಗಿರಬಹುದು. ಬೆಂಬಲವನ್ನು ಕೊಡುವವರ ಕಡೆಯಿಂದ ಅಳೆಯುವಷ್ಟು ಕಾಲ ಈ ಅಂತರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಗೆಳೆಯರ ವಿಷಯವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಮೊದಲ ಬೀಡಿ, ಮೊದಲ ಗುಟ್ಕಾ ಬಹಳ ಸಲ ಸ್ನೇಹಿತನ ಕೈಯಿಂದಲೇ ಬರುತ್ತದೆ, ಅದೂ ಪ್ರೀತಿಯಿಂದ. ಮನೆಯಲ್ಲಿ ಮಾತಿಲ್ಲದ ಹುಡುಗನಿಗೆ ‘ಬಾರೋ ಮಗಾ, ಟೆನ್ಷನ್ ಬಿಡು’ ಎನ್ನುವ ಆ ಗುಂಪು ನಿಜಕ್ಕೂ ಆಸರೆಯೇ. ‘ಅವರ ಸಹವಾಸ ಬಿಡು’ ಎಂದು ನಾವು ಗದರಿದಾಗ ಅವನಿಗಿರುವ ಒಂದೇ ಆಸರೆಯನ್ನು ಕಿತ್ತುಕೊಂಡು, ಆ ಜಾಗಕ್ಕೆ ಏನನ್ನೂ ಕೊಡದೆ ಬಿಡುತ್ತೇವೆ.

ಈ ಖಾಲಿ ಜಾಗವನ್ನು ಒಂದು ದೇಶ ಹೇಗೆ ತುಂಬಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾಲ್ಕು ಲಕ್ಷಕ್ಕೂ ಕಡಿಮೆ ಜನರಿರುವ ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15–16ರ ಹರೆಯದವರ ಪೈಕಿ ಶೇ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದವರು. 2016ರ ವೇಳೆಗೆ ಅದು ಶೇ 5ಕ್ಕೆ ಇಳಿಯಿತು. ದಿನವೂ ಸಿಗರೇಟು ಸೇದುವವರ ಪ್ರಮಾಣ ಶೇ 23ರಿಂದ 3ಕ್ಕೆ ಬಂತು. ಅಲ್ಲಿನವರು ಶಾಲಾ ಮಕ್ಕಳ ಸಮೀಕ್ಷೆ ನಡೆಸುತ್ತ ಬಂದು, ಆಯಾ ಊರಿನ ಫಲಿತಾಂಶವನ್ನು ಆಯಾ ಊರಿನ ಪಾಲಕರ ಮುಂದಿಟ್ಟರು. ಆಟ, ಸಂಗೀತಗಳ ಕಲಿಕೆಗೆ ಸರ್ಕಾರದ ಹಣ ಹರಿಯಿತು. ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ ಹತ್ತರ ನಂತರ ಹೊರಗೆ ಅಲೆಯಬಾರದೆಂಬ ನಿಯಮ ಬಂತು. ಪಾಲಕರು ಒಂದಾಗಿ ಅದನ್ನು ಪಾಲಿಸಿದರು. ವಾರದ ದಿನಗಳಲ್ಲಿ ತಂದೆತಾಯಿಯೊಂದಿಗೆ ಹೆಚ್ಚಾಗಿ ಸಮಯ ಕಳೆಯುತ್ತೇವೆ ಎಂದ ಮಕ್ಕಳು 1997ರಲ್ಲಿ ಶೇ 23 ಇದ್ದವರು 2012ರಲ್ಲಿ ಶೇ 46 ಆದರು. ಎಲ್ಲ ಇಳಿಕೆಯನ್ನೂ ಇದೊಂದರ ಲೆಕ್ಕಕ್ಕೆ ಬರೆಯಲಾಗದು, ಏಕೆಂದರೆ ಯುರೋಪಿನ ಬೇರೆ ದೇಶಗಳಲ್ಲೂ ಹರೆಯದವರ ಧೂಮಪಾನ ತಗ್ಗಿದೆ. ಆದರೂ ಮಕ್ಕಳನ್ನು ಹೆದರಿಸುವ ಭಾಷಣಗಳಿಂದ ಆಗದಿದ್ದುದು ಅವರ ಸಂಜೆಗಳನ್ನು ಬದಲಿಸಿದ್ದರಿಂದ ಆಯಿತೆಂದೇ ನಾನು ತಿಳಿದಿದ್ದೇನೆ.

ನಮ್ಮಲ್ಲೂ ಕಾನೂನಿದೆ. ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ, ಮಾದಕವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಹಗಲುರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ಮಕ್ಕಳ ಡೈರಿಯ ಮೊದಲ ಪುಟದಲ್ಲಿ ಬರೆಸಿ. ಮಗು ತಪ್ಪೊಪ್ಪಿಕೊಂಡ ದಿನ ದಯವಿಟ್ಟು ಕೈ ಎತ್ತಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಮಾರನೆಯ ದಿನ ನಮ್ಮ ಹತ್ತಿರ ಬನ್ನಿ. ನಾವು ಶಿಕ್ಷಕರೂ ಅದನ್ನು ಸ್ಟಾಫ್‌ರೂಮಿನ ಸುದ್ದಿ ಮಾಡುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಮೈದಾನದ ಗೇಟಿಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ನಿಮ್ಮಲ್ಲಿ ಬಹುಪಾಲು ಜನ ಕೆಲಸದಿಂದ ಮನೆ ತಲುಪುವುದು ಏಳಕ್ಕೆ. ನಡುವಿನ ಎರಡೂವರೆ ಗಂಟೆ ನಮ್ಮ ಮಕ್ಕಳು ಬಸ್‌ಸ್ಟ್ಯಾಂಡಿನ ಹಿಂದೆ ಇರುತ್ತಾರೆ. ದಿನಕ್ಕೆ ಇಬ್ಬರು ಪಾಲಕರು ಸರದಿಯಂತೆ ಬಂದು ಕೂರುವುದಾದರೆ ಏಳರವರೆಗೆ ಬೀಗ ಹಾಕದಿರಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹೆಸರು ಬರೆಯುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಸೋಮವಾರದ ಸಾಲಿನಲ್ಲಿ ನನ್ನ ಹೆಸರು ಬರೆದಿದ್ದೇನೆ.