ಸೂಜಿ ಬಂದದ್ದು ಆಪರೇಷನ್ ಆದ ಮೇಲೆ!

ನಮಸ್ಕಾರ. ಅಕ್ಯುಪಂಕ್ಚರ್ ಅಂದರೆ ಮೈಗೆ ತೆಳು ಸೂಜಿ ಚುಚ್ಚಿ ಮಾಡುವ ಚೀನಾದ ಚಿಕಿತ್ಸೆ. ಅದರ ಮಾತು ಬಂದರೆ ಸಾಕು, ಯಾರಾದರೂ ಈ ಕಥೆ ತೆಗೆಯುತ್ತಾರೆ. ‘ಚೀನಾದಲ್ಲಿ ಒಬ್ಬ ಅಮೆರಿಕನ್ ಪತ್ರಕರ್ತನಿಗೆ ಅರಿವಳಿಕೆ ಕೊಡದೆ, ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರಂತೆ!’ ಕೇಳೋಕೆ ಮಜವಾಗಿದೆ, ಅಲ್ವಾ? ಆದರೆ ನಡೆದದ್ದೇ ಬೇರೆ.

[ತೆರೆಯ ಮೇಲೆ: ಬೀಜಿಂಗ್, ಜುಲೈ 1971]

ಅವರು ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್. ಬೀಜಿಂಗ್‌ಗೆ ಹೋದಾಗ ಅಪೆಂಡಿಕ್ಸ್ ಕೈಕೊಟ್ಟಿತು. ಡಾಕ್ಟರು ಎಲ್ಲ ಕಡೆ ಮಾಡುವ ಹಾಗೆ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ ಆಪರೇಷನ್ ಮಾಡಿದರು. ಸೂಜಿ ಬಂದದ್ದು ಆಮೇಲೆ, ಎರಡನೇ ರಾತ್ರಿ ಹೊಟ್ಟೆಯುಬ್ಬರ ತಡೆಯಲಾಗದಾಗ. ಬಲ ಮೊಣಕೈಗೆ, ಮೊಣಕಾಲಿನ ಕೆಳಗೆ ಉದ್ದದ ತೆಳು ಸೂಜಿಗಳು. ಜೊತೆಗೆ ಒಂದು ಒಣಸೊಪ್ಪಿಗೆ ಕಿಡಿ ಹಚ್ಚಿ ಹೊಟ್ಟೆಯ ಹತ್ತಿರ ಹಿಡಿದರು. ಗ್ಯಾಸ್ ಬಿಡಿಸೋಕೆ ಇಷ್ಟೊಂದು ಸರ್ಕಸ್ಸಾ ಅಂತ ರೆಸ್ಟನ್‌ಗೇ ಅನಿಸಿತ್ತು! ಆದರೆ ಒಂದು ಗಂಟೆಯೊಳಗೆ ಹೊಟ್ಟೆ ಹಗುರವಾಯಿತು. ಅವರು ಬರೆದದ್ದು ಇಷ್ಟೇ. ಉಳಿದದ್ದನ್ನು ಬಾಯಿಂದ ಬಾಯಿಗೆ ಜನ ಸೇರಿಸಿದರು.

ಇನ್ನೊಂದು ವಿಷಯ. ಈ ಸೂಜಿ ಚಿಕಿತ್ಸೆ ಎರಡು ಸಾವಿರ ವರ್ಷ ಹಳೆಯದು, ನಿಜ. ಆದರೆ ಚೀನಾದ ದೊರೆಯೇ 1822ರಲ್ಲಿ ಇದನ್ನು ಅರಮನೆಯ ವೈದ್ಯ ಸಂಸ್ಥೆಯಿಂದ ಹೊರಗೆ ಹಾಕಿದ್ದ. ಮತ್ತೆ ಎತ್ತಿ ಹಿಡಿದದ್ದು 1950ರ ದಶಕದಲ್ಲಿ, ಮಾವೋ ಸರ್ಕಾರ. ಯಾಕಂದರೆ ಅಲ್ಲಿ ಜನ ಜಾಸ್ತಿ, ಡಾಕ್ಟರು ಕಡಿಮೆ.

[ತೆರೆಯ ಮೇಲೆ: ಜರ್ಮನಿ, 2007]

ಹಾಗಾದರೆ ನೋವು ಹೋಗುತ್ತಾ? ಜರ್ಮನಿಯಲ್ಲಿ ಸೊಂಟನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಶಾಸ್ತ್ರದ ಪ್ರಕಾರ ಸೂಜಿ. ಇನ್ನೊಂದಕ್ಕೆ ಸುಮ್ನೆ ಬೇರೆ ಎಲ್ಲೋ, ಮೇಲೆ ಮೇಲೆ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು: ಸರಿಯಾದ ಜಾಗದ ಸೂಜಿಗೆ ಶೇ. 47.6, ಎಲ್ಲೋ ಚುಚ್ಚಿದ್ದಕ್ಕೆ ಶೇ. 44.2, ಮಾತ್ರೆ-ವ್ಯಾಯಾಮಕ್ಕೆ ಶೇ. 27.4.

ಈ ಲೆಕ್ಕ ಇಬ್ಬರಿಗೂ ಮುಜುಗರ. ಸೂಜಿ ಬರೀ ಬೊಗಳೆ ಅನ್ನುವವರಿಗೂ, ಶಾಸ್ತ್ರ ಹೇಳುವ ನಾಡಿಯ ದಾರಿ ಹಿಡಿದೇ ಚುಚ್ಚಬೇಕು ಅನ್ನುವವರಿಗೂ. ನನಗನಿಸುವುದು: ಅರ್ಧ ಗಂಟೆ ಮಲಗಿಸಿ, ನಮ್ಮ ನೋವನ್ನೇ ಒಬ್ಬರು ಗಮನಿಸುತ್ತಾರಲ್ಲ, ಅದರಲ್ಲೂ ಏನೋ ಇದೆ.

ನಮ್ಮ ದೇಶಕ್ಕೆ ಇದನ್ನು ತಂದವರು ಕಲ್ಕತ್ತಾದ ಡಾ. ಬಿಜೋಯ್ ಕುಮಾರ್ ಬಸು. 1938ರಲ್ಲಿ ಯುದ್ಧದ ಗಾಯಾಳುಗಳ ಆರೈಕೆಗೆಂದು ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಡಾ. ಕೋಟ್ನಿಸ್ ಜೊತೆ ಇದ್ದವರು. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿದೆ. ಹೋಗುವುದಾದರೆ ಹೋಗಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಎದೆಯ ಹತ್ತಿರ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೇ ತೂತು ಬೀಳಬಹುದು, ಅಲ್ಲಿ ಮಾತ್ರ ಹುಷಾರು.