ಇಂಗ್ಲಿಷ್ ಗಾದೆ: ಯಾರು, ಯಾರಿಗೆ, ಯಾವಾಗ?

ಎಲ್ಲರಿಗೂ ನಮಸ್ಕಾರ.

ಎಸ್‌ಎಸ್‌ಎಲ್‌ಸಿಯ ಕನ್ನಡ ಪತ್ರಿಕೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯುವ ಪ್ರಶ್ನೆ ನಿಮಗೆ ನೆನಪಿರಬೇಕು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಮೊದಲ ಸಾಲು ಬರೆದ ಮೇಲೆಯೇ, ಕೇಳಿರುವ ಗಾದೆ ಯಾವುದು ಎಂದು ನೋಡಿದವರೂ ಈ ಸಭೆಯಲ್ಲಿ ಇರಬಹುದು. ಇಂಗ್ಲಿಷ್ ಗಾದೆಗಳನ್ನು ನಾವು ಕಲಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಗೈಡಿನ ಕೊನೆಯ ಪುಟಗಳಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ‘ಎಂಪ್ಟಿ ವೆಸೆಲ್ಸ್ ಮೇಕ್ ದ ಮೋಸ್ಟ್ ನಾಯ್ಸ್’ ಎಂಬುದರ ಎದುರು ‘ತುಂಬಿದ ಕೊಡ ತುಳುಕುವುದಿಲ್ಲ’. ಬಾಯಿಪಾಠವಾಯಿತು, ಅಂಕವೂ ಬಂತು.

ಆ ಪಟ್ಟಿಯನ್ನು ನಾನು ಹಳಿಯುವುದಿಲ್ಲ. ಅದು ಕೊಡುವ ಅರ್ಥ ಬಹುಮಟ್ಟಿಗೆ ಸರಿಯೇ. ಆದರೆ ಅರ್ಥ ಗೊತ್ತಿದ್ದೂ ಗಾದೆಯನ್ನು ಆಡಲು ಬಾರದೆ ಇರಬಹುದು. ಅದನ್ನು ಯಾರು ಯಾರಿಗೆ ಹೇಳುತ್ತಾರೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಸಮಾಧಾನಕ್ಕೋ ಚುಚ್ಚುವುದಕ್ಕೋ, ಇದನ್ನು ಪಟ್ಟಿ ಹೇಳುವುದಿಲ್ಲ. ನಾನು ಇವತ್ತು ಮಾತನಾಡುವುದು ಅದನ್ನೇ.

‘ಇಟ್ ಈಸ್ ನೋ ಯೂಸ್ ಕ್ರೈಯಿಂಗ್ ಓವರ್ ಸ್ಪಿಲ್ಟ್ ಮಿಲ್ಕ್’ ನೋಡಿ. ಪಟ್ಟಿಯಲ್ಲಿ ಇದಕ್ಕೆ ಜೋಡಿ ‘ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’. ನಮ್ಮ ಮಾತಿಗೆ ಭಾರ ಹೊರುವ ಶಕ್ತಿಯಿದೆ. ಜಮೀನು ಕೈಬಿಟ್ಟು ಹೋದವರ ಬಳಿ, ಕೂಡಿಬಂದಿದ್ದ ಸಂಬಂಧ ಮುರಿದ ಮನೆಯಲ್ಲಿ ಹಿರಿಯರು ಅದನ್ನು ಹೇಳಿದರೆ ಕೇಳಿದವರು ತಲೆ ಆಡಿಸುತ್ತಾರೆ. ಇಂಗ್ಲಿಷ್ ಗಾದೆಯ ಅಳತೆ ಚೆಲ್ಲಿದ ಹಾಲಿನಷ್ಟೇ. ರೈಲು ತಪ್ಪಿತು, ಒಳ್ಳೆಯ ಬೆಲೆಗೆ ಸಿಗುತ್ತಿದ್ದ ಸೈಟು ಬೇರೆಯವರ ಪಾಲಾಯಿತು, ಅಲ್ಲಿಗೆ ಅದು ಸರಿ. ತಂದೆಯನ್ನು ಕಳೆದುಕೊಂಡ ಸಹೋದ್ಯೋಗಿಗೆ ಬರೆಯುವ ಸಾಂತ್ವನದ ಇ-ಮೇಲ್‌ನಲ್ಲಿ ಇದನ್ನು ಸೇರಿಸಿದರೆ, ವ್ಯಾಕರಣ ಎಷ್ಟು ಶುದ್ಧವಾಗಿದ್ದರೂ, ಆ ಸಹೋದ್ಯೋಗಿ ನಿಮ್ಮೊಡನೆ ಮಾತು ಬಿಟ್ಟರೆ ಆಶ್ಚರ್ಯವಿಲ್ಲ. ಕೆಲಸ ಏಕೆ ತಡವಾಯಿತು ಎಂದು ಮೇಲಧಿಕಾರಿ ಕೇಳಿದಾಗ ‘ರೋಮ್ ವಾಸ್ ನಾಟ್ ಬಿಲ್ಟ್ ಇನ್ ಎ ಡೇ’ ಎನ್ನುವುದೂ ಅಂಥದ್ದೇ. ಆ ಮಾತನ್ನು ಅವರು ನಿಮಗೆ ಹೇಳಬಹುದು, ನೀವು ಅವರಿಗೆ ಹೇಳುವಂತಿಲ್ಲ.

ಹೀಗೆ ಅರ್ಥ ಒಂದೇ ಇದ್ದರೂ ಅಳತೆ ಬೇರೆ ಇರುತ್ತದೆ. ಕೆಲವು ಜೋಡಿಗಳು ಮಾತ್ರ ಅಚ್ಚರಿಯಾಗುವಷ್ಟು ಸರಿಯಾಗಿ ಕೂಡುತ್ತವೆ. ನನಗೆ ಬಹಳ ಇಷ್ಟವಾದುದು ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’. ಜಾನ್ ಹೇವುಡ್ ಎಂಬಾತ 1546ರಲ್ಲಿ ಪ್ರಕಟಿಸಿದ ಗಾದೆಗಳ ಸಂಕಲನದಲ್ಲಿಯೇ ಇದು ಇದೆ. ನಮ್ಮ ಮಕ್ಕಳು ಇದನ್ನು ಓದಿದಾಗ ಬಿಸಿಲು ಬೀಳುವುದರಲ್ಲಿ ಏನು ವಿಶೇಷ ಎಂದು ಕೇಳಬೇಕು, ಕೇಳುವುದಿಲ್ಲ. ರಾಯಚೂರಿನಲ್ಲಿ ಬಿಸಿಲಿಗೆ ಯಾರೂ ಕಾಯುವುದಿಲ್ಲ. ಇಂಗ್ಲೆಂಡಿನ ರೈತ ಕಾಯುತ್ತಾನೆ. ಅವನು ಬೇಸಿಗೆಯಲ್ಲಿ ಹಸಿ ಹುಲ್ಲನ್ನು ಕೊಯ್ದು, ಗದ್ದೆಯಲ್ಲೇ ಹರವಿ, ಮತ್ತೆ ಮತ್ತೆ ತಿರುವಿಹಾಕಿ ಒಣಗಿಸಬೇಕು. ಅದಕ್ಕೆ ಬೆನ್ನುಬೆನ್ನಿಗೆ ಕೆಲವು ದಿನ ಮಳೆಯಿಲ್ಲದ ಹವೆ ಬೇಕು, ಆ ದೇಶದಲ್ಲಿ ಬೇಸಿಗೆಯಲ್ಲೂ ಅದರ ಭರವಸೆಯಿಲ್ಲ. ನಡುವೆ ಮಳೆ ಬಂದರೆ ಹುಲ್ಲು ಕೊಳೆಯುತ್ತದೆ. ಸರಿಯಾಗಿ ಆರದ ಹುಲ್ಲನ್ನು ಅವಸರದಲ್ಲಿ ಬಣವೆ ಒಟ್ಟಿದರೆ ಒಳಗೇ ಕಾವು ಏರಿ, ಕೆಲವೊಮ್ಮೆ ತಾನಾಗಿ ಬೆಂಕಿ ಹತ್ತುತ್ತದೆ. ಚಳಿಗಾಲವಿಡೀ ದನಗಳು ತಿನ್ನಬೇಕಾದ ಮೇವು ಅದು. ಅಲ್ಲಿ ಬಿಸಿಲು ಬಂತೆಂದರೆ ಊಟ ಬಿಟ್ಟು ಓಡಬೇಕಾದ ಗಳಿಗೆ ಬಂದಂತೆ.

ಇದಕ್ಕೆ ನಮ್ಮ ಹಿರಿಯರು ಜೋಡಿಸಿದ್ದು ‘ಗಾಳಿ ಬಂದಾಗ ತೂರಿಕೋ’. ಕಣದಲ್ಲಿ ಒಕ್ಕಿದ ರಾಶಿ ಬಿದ್ದಿದೆ, ಮೊರ ಕೈಯಲ್ಲಿದೆ, ಗಾಳಿ ಮಾತ್ರ ಬೀಸುತ್ತಿಲ್ಲ. ಬೀಸಿದಾಗ ಎತ್ತಿ ತೂರಿದರೆ ಹೊಟ್ಟು ಹಾರಿ ಕಾಳು ಕಾಲಬುಡದಲ್ಲಿ ಬೀಳುತ್ತದೆ. ಅವರದು ಬಿಸಿಲು, ನಮ್ಮದು ಗಾಳಿ. ಕಾಯುವ ರೈತ ಇಬ್ಬರಲ್ಲೂ ಒಬ್ಬನೇ. ಈ ಜೋಡಿಯನ್ನು ಮೊದಲು ಮಾಡಿದವರು ಯಾರೋ, ಎರಡೂ ಕಡೆಯ ಬೇಸಾಯ ಬಲ್ಲವರೇ ಇರಬೇಕು. ಅಂದಹಾಗೆ ‘ಗಾಳಿ ಬಂದ ಕಡೆ ತೂರಿಕೊಳ್ಳುವುದು’ ಬೇರೆ ಮಾತು. ಅದು ಚುನಾವಣೆಯ ಹೊತ್ತಿನಲ್ಲಿ ಪಕ್ಷ ಬದಲಿಸುವವರಿಗೆ ಸಲ್ಲುತ್ತದೆ. ಇಂಗ್ಲಿಷ್ ಪ್ರಬಂಧದಲ್ಲಿ ಎರಡನ್ನೂ ಕಲಸಿ ಬರೆದ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ.

ಇನ್ನು ಕೆಲವು ಗಾದೆಗಳಲ್ಲಿ ಮಾತು ಹಳತಾಗಿ ಅರ್ಥ ಮಸುಕಾಗಿದೆ. ‘ದ ಪ್ರೂಫ್ ಆಫ್ ದ ಪುಡಿಂಗ್ ಈಸ್ ಇನ್ ದಿ ಈಟಿಂಗ್’ ಎಂಬಲ್ಲಿ ಪ್ರೂಫ್ ಎಂದರೆ ಸಾಕ್ಷಿಯಲ್ಲ, ಪರೀಕ್ಷೆ. ತಿಂದು ನೋಡಿದರೆ ತಾನೇ ರುಚಿ ತಿಳಿಯುವುದು? ಆ ಕಾಲದ ಪುಡಿಂಗ್ ಸಿಹಿತಿಂಡಿಯೂ ಅಲ್ಲ, ಕರುಳಿನಲ್ಲಿ ಮಾಂಸ ತುಂಬಿ ಬೇಯಿಸಿದ್ದು. ಒಳಗೇನು ತುಂಬಿದ್ದಾರೆ ಎಂಬ ಅನುಮಾನ ಸಹಜವೇ. ಈಗ ಇಂಗ್ಲಿಷ್ ಮಾತೃಭಾಷೆಯವರೇ ‘ಪ್ರೂಫ್ ಈಸ್ ಇನ್ ದ ಪುಡಿಂಗ್’ ಎಂದು ಕತ್ತರಿಸಿ ಹೇಳಿ ಅರ್ಥ ಕೆಡಿಸುತ್ತಾರೆ. ನೀವು ಕೆಡಿಸಬೇಡಿ.

ಇದಕ್ಕಿಂತ ಹೆಚ್ಚು ದುರುಪಯೋಗವಾಗುವುದು ‘ದಿ ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’. ವಾದದಲ್ಲಿ ಸೋಲುವ ಸೂಚನೆ ಕಂಡವರು ಇದನ್ನು ಎಸೆದು ಪಾರಾಗುತ್ತಾರೆ. ಹುಡುಗರೆಲ್ಲ ಗಣಿತದಲ್ಲಿ ದಡ್ಡರು ಎಂದು ಒಬ್ಬ ಹೇಳಿದ, ಗಣಿತದಲ್ಲಿ ಮೊದಲು ಬಂದ ಹುಡುಗನನ್ನು ನೀವು ತೋರಿಸಿದಿರಿ, ‘ಅಪವಾದವೇ ನಿಯಮಕ್ಕೆ ಸಾಕ್ಷಿ’ ಎಂದು ಅವನು ನಕ್ಕ. ಇದು ಶುದ್ಧ ಮೊಂಡುವಾದ. ಗಾದೆಯ ಬೇರು ಕಾನೂನಿನಲ್ಲಿದೆ. ಕ್ರಿ.ಪೂ. 56ರಲ್ಲಿ ಬಾಲ್ಬಸ್ ಎಂಬವನ ರೋಮನ್ ಪೌರತ್ವದ ಪರವಾಗಿ ರೋಮಿನ ಹೆಸರಾಂತ ವಾಗ್ಮಿ ಸಿಸೆರೊ ವಾದಿಸಿದ. ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅವರಿಗೆ ಪೌರತ್ವ ಕೊಡಕೂಡದು ಎಂದು ಬರೆದಿದೆ, ಹಾಗಾದರೆ ಬರೆಯದ ಕಡೆ ಕೊಡಬಹುದು ಎಂದೇ ಆಯಿತಲ್ಲವೇ ಎಂಬುದು ಅವನ ತರ್ಕ. ‘ಭಾನುವಾರ ಇಲ್ಲಿ ವಾಹನ ನಿಲ್ಲಿಸಬಹುದು’ ಎಂಬ ಬೋರ್ಡ್ ಇದ್ದರೆ ಸೋಮವಾರ ನಿಲ್ಲಿಸಿದವನಿಗೆ ದಂಡ ಬೀಳುತ್ತದೆ. ನಿಲ್ಲಿಸಬಾರದು ಎಂದು ಬೋರ್ಡ್ ಎಲ್ಲಿಯೂ ಹೇಳಿಲ್ಲ, ಆದರೂ ಆ ನಿಯಮ ಇದೆ ಎಂದು ಭಾನುವಾರದ ವಿನಾಯಿತಿಯೇ ಹೇಳಿತು.

ಗಾದೆಯೆಂದರೆ ಹಳೆಯದು, ಅನಾಮಿಕರದು ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ‘ಒಂದು ಚಿತ್ರ ಸಾವಿರ ಮಾತಿಗೆ ಸಮ’ ಎಂಬರ್ಥದ ಇಂಗ್ಲಿಷ್ ಮಾತು ಹೆಸರಾದದ್ದು ಅಮೆರಿಕದ ಜಾಹೀರಾತುಗಾರ ಫ್ರೆಡ್ ಬಾರ್ನಾರ್ಡ್‌ನಿಂದ. 1927ರಲ್ಲಿ ಅವನು ಅದನ್ನು ಚೀನೀ ಅಕ್ಷರಗಳೊಂದಿಗೆ ಅಚ್ಚುಹಾಕಿಸಿ ಚೀನಾದ ಗಾದೆ ಎಂದು ಮಾರಿದ. ಜನ ನಂಬಿದರು, ಇಂದಿಗೂ ನಂಬುತ್ತಾರೆ.

ಈಗ ‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’. ಉರುಳುವ ಕಲ್ಲಿಗೆ ಪಾಚಿ ಕಟ್ಟದು. ಬ್ರಿಟನ್ನಿನ ಹಳೆಯ ಬಳಕೆಯಲ್ಲಿ ಪಾಚಿ ಬೇಕಾದ ವಸ್ತು: ಒಂದೆಡೆ ನಿಲ್ಲದವನು ಆಸ್ತಿ ಮಾಡುವುದಿಲ್ಲ, ನೆಂಟರಿಷ್ಟರನ್ನು ಗಳಿಸುವುದಿಲ್ಲ. ಅಮೆರಿಕಕ್ಕೆ ಹೋದಮೇಲೆ ಪಾಚಿ ಬೇಡದ ಜಡತೆಯಾಯಿತು, ಓಡಾಡುವವನೇ ಚುರುಕಾದವನಾದ. ಎರಡೂ ಅರ್ಥಗಳು ಈಗ ಚಾಲ್ತಿಯಲ್ಲಿವೆ. ಮೂರು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದವನಿಗೆ ಸಂದರ್ಶಕರು ಇದನ್ನು ಹೇಳಿದರೆ ಅದು ಮೆಚ್ಚುಗೆಯೋ ಟೀಕೆಯೋ ಎಂದು ಅವರ ಮುಖ ನೋಡಿಯೇ ತಿಳಿಯಬೇಕು. ಪರೀಕ್ಷೆಯ ಕೀ ಉತ್ತರದಲ್ಲಿ ಮಾತ್ರ ಒಂದೇ ಅರ್ಥ ಇರುತ್ತದೆ.

ಕಲಿಯುವವರು ಎಡವುವ ಇನ್ನೊಂದು ಜಾಗವಿದೆ. ಇಂಗ್ಲಿಷಿನವರು ಮಾತಿನ ನಡುವೆ ಗಾದೆಯನ್ನು ಪೂರ್ತಿ ಹೇಳುವುದೇ ಕಡಿಮೆ. ‘ಟೂ ಮೆನಿ ಕುಕ್ಸ್...’ ಎಂದು ನಿಲ್ಲಿಸುತ್ತಾರೆ, ‘ಬರ್ಡ್ಸ್ ಆಫ್ ಎ ಫೆದರ್...’ ಎಂದು ಹುಬ್ಬು ಹಾರಿಸುತ್ತಾರೆ. ಉಳಿದದ್ದು ಕೇಳುವವರ ಪಾಲು. ನಾವೂ ‘ಅತ್ತೆಗೊಂದು ಕಾಲ’ ಎಂದು ಹೇಳಿ ಸೊಸೆಯ ಮುಖ ನೋಡುವುದಿಲ್ಲವೇ? ‘ವೆನ್ ಇನ್ ರೋಮ್’ ಅಂಥ ಅರ್ಧ ಗಾದೆಗಳಲ್ಲಿ ಹೆಸರಾದದ್ದು. ಅದರ ಹಿಂದಿನ ಪ್ರಸಂಗ ನಮಗೆ ತೀರ ಪರಿಚಿತವೆನಿಸುತ್ತದೆ. ನಾಲ್ಕನೆಯ ಶತಮಾನದಲ್ಲಿ, ಮುಂದೆ ಕ್ರೈಸ್ತ ಸಂತನೆನಿಸಿದ ಅಗಸ್ಟೀನನ ತಾಯಿ ಮಿಲಾನಿಗೆ ಬಂದಾಗ ಅಲ್ಲಿಯ ಕ್ರೈಸ್ತರು ಶನಿವಾರ ಉಪವಾಸ ಮಾಡದಿರುವುದನ್ನು ಕಂಡು ಕಳವಳಗೊಂಡಳು. ಮಗ ಹೋಗಿ ಬಿಷಪ್ ಆಂಬ್ರೋಸರನ್ನು ಕೇಳಿದ. ನಾನು ರೋಮಿಗೆ ಹೋದರೆ ಶನಿವಾರ ಉಪವಾಸ ಮಾಡುತ್ತೇನೆ, ಇಲ್ಲಿ ಮಾಡುವುದಿಲ್ಲ, ನೀವು ಯಾವ ಊರಿನಲ್ಲಿದ್ದೀರೋ ಆ ಊರಿನಂತೆ ನಡೆಯಿರಿ ಎಂದರು ಅವರು. ಈಗ ಹೊಸ ಊರಿನಲ್ಲಿ ಕೈಯಲ್ಲಿ ಊಟ ಮಾಡಲು ಕುಳಿತ ಪ್ರವಾಸಿ ‘ವೆನ್ ಇನ್ ರೋಮ್’ ಎಂದು ನಗುತ್ತಾನೆ. ‘ಡು ಆಸ್ ದ ರೋಮನ್ಸ್ ಡು’ ಎಂದು ನೀವು ಅದನ್ನು ಪೂರ್ತಿ ಮಾಡಿ ಒಪ್ಪಿಸಿದರೆ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ.

ಬರವಣಿಗೆಯಲ್ಲಿ ಇನ್ನೂ ಬಿಗಿ. ನಮ್ಮಲ್ಲಿ ಗಾದೆ ಮಾತಿಗೆ ಒಡವೆ. ಇಂಗ್ಲೆಂಡಿನಲ್ಲಿ 1749ರಲ್ಲಿಯೇ ಚೆಸ್ಟರ್‌ಫೀಲ್ಡ್ ಪ್ರಭು, ಕುಲೀನನಾದವನು ಗಾದೆಗಳ ಮೊರೆ ಹೋಗುವುದಿಲ್ಲ ಎಂಬರ್ಥದಲ್ಲಿ ಮಗನಿಗೆ ಪತ್ರ ಬರೆದಿದ್ದ. ಅವನ ಗತ್ತು ನನಗೆ ಹಿಡಿಸುವುದಿಲ್ಲ, ಆದರೆ ಆ ಅಭಿರುಚಿ ಉಳಿದುಕೊಂಡಿದೆ. ಇಂಗ್ಲಿಷ್ ಪ್ರಬಂಧವನ್ನು ಗಾದೆಯಿಂದ ಆರಂಭಿಸಿದರೆ ಓದುವವರಿಗೆ ಸವಕಲು ಎನಿಸುವುದೇ ಹೆಚ್ಚು.

ಹಾಗಾದರೆ ಏಕೆ ಕಲಿಯಬೇಕು ಎಂದು ಕೇಳುತ್ತೀರಿ. ಕಿವಿಗೆ ಬಿದ್ದಾಗ ಹಿಡಿಯುವುದಕ್ಕೆ. ಕನ್ನಡ ಕಲಿತ ಕಿಟ್ಟೆಲ್ 1894ರ ತನ್ನ ನಿಘಂಟಿನಲ್ಲಿ ಪದಗಳ ಅರ್ಥದ ಜೊತೆಗೆ ಅವು ಬರುವ ಗಾದೆಗಳನ್ನೂ ಹೇರಳವಾಗಿ ಕೊಟ್ಟ. ನಾವು ಇಂಗ್ಲಿಷಿಗೆ ಅಷ್ಟು ಶ್ರಮ ಪಡಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು.

ಈಗ ನಿಮಗೆ ಚೀಟಿಗಳನ್ನು ಹಂಚುತ್ತಾರೆ. ಪ್ರತಿಯೊಂದರಲ್ಲೂ ಅರ್ಧ ಗಾದೆಯಿದೆ. ಉಳಿದರ್ಧವನ್ನಾಗಲಿ ಕನ್ನಡದ ಜೋಡಿಯನ್ನಾಗಲಿ ಬರೆಯಬೇಡಿ. ಅದನ್ನು ಯಾರು, ಯಾರಿಗೆ, ಏನಾದಾಗ ಹೇಳಬಹುದು ಎಂದು ಎರಡು ಸಾಲು ಬರೆಯಿರಿ. ಹತ್ತು ನಿಮಿಷ ಬಿಟ್ಟು ಒಬ್ಬೊಬ್ಬರಾಗಿ ಓದೋಣ.