ಹುಟ್ಟು ಬಿಡಿ, ಸಾವು ಹುಡುಕಿ

ಕೇಳುಗರಿಗೆಲ್ಲ ನಮಸ್ಕಾರ. ನನ್ನ ಊರು ಧಾರವಾಡ. ಈಗ ಇರುವುದು ಎಡಿನ್‌ಬರ್ಗ್‌ನಲ್ಲಿ. ಹಳೇ ರಿಜಿಸ್ಟರುಗಳನ್ನು ಜಾಲಾಡಿ ಜನರ ಅಜ್ಜ ಮುತ್ತಜ್ಜಂದಿರನ್ನು ಹುಡುಕಿ ಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಕೆಜಿಎಫ್‌ನಲ್ಲಿ ಕೆಲವು ಮನೆಗಳಿವೆ. ಗೋಡೆಯ ಮೇಲೆ ದಪ್ಪ ಮೀಸೆಯ ಹಿರಿಯರೊಬ್ಬರ ಫೋಟೋ. "ಇವರು ಸ್ಕಾಟ್‌ಲ್ಯಾಂಡಿನವರಂತೆ" ಅನ್ನುವ ಒಂದು ಮಾತು. ಮುಂದಕ್ಕೆ ಏನೂ ಗೊತ್ತಿಲ್ಲ. ಇವತ್ತಿನ ನನ್ನ ಮಾತು ಆ ಮನೆಯವರ ಜೊತೆ.

ನೀವೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅವರು ಹುಟ್ಟಿದ ದಾಖಲೆ ಸಿಗುತ್ತಾ?" ನನ್ನ ಉತ್ತರವೂ ಒಂದೇ. ಹುಟ್ಟು ಬಿಡಿ, ಸಾವು ಹುಡುಕಿ.

ಯಾಕೆ ಅಂತೀರಾ? ಸ್ಕಾಟ್‌ಲ್ಯಾಂಡಿನಲ್ಲಿ ಸರ್ಕಾರ ಜನನ ಮರಣ ಬರೆಯಲು ಶುರು ಮಾಡಿದ್ದು 1855ರ ಜನವರಿ 1ರಂದು. ಅಂದಿನಿಂದ ಯಾರೇ ಸತ್ತರೂ ಅವರ ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ತವರಿನ ಮನೆತನದ ಹೆಸರು ಸಮೇತ ಬರೆಯುತ್ತಿದ್ದರು. ಪಕ್ಕದ ಇಂಗ್ಲೆಂಡಿನಲ್ಲಿ ದೊಡ್ಡವರ ಮರಣಪತ್ರಕ್ಕೆ ಆಗ ಈ ಭಾಗ್ಯ ಇರಲಿಲ್ಲ. ಲೆಕ್ಕ ಹಾಕಿ ನೋಡಿ. 1860ರಲ್ಲಿ ಎಂಬತ್ತು ವರ್ಷದ ಮುದುಕಿ ಸತ್ತರೆ ಆ ಒಂದು ಹಾಳೆ ನಿಮ್ಮನ್ನು 1750ರ ಸುಮಾರಿನ ಅಪ್ಪ ಅಮ್ಮನ ಹತ್ತಿರ ಬಿಡುತ್ತದೆ.

1855ಕ್ಕಿಂತ ಹಿಂದಿನದು ಚರ್ಚಿನ ಪುಸ್ತಕಗಳ ಕಾಲ. ಸುಮಾರು ಒಂಬೈನೂರು ಪ್ಯಾರಿಷ್‌ಗಳು, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಬರುವ ಊರುಕೇರಿಗಳು. ಎಲ್ಲಕ್ಕಿಂತ ಹಳೆಯದು ಎರೋಲ್ ಎಂಬ ಊರಿನ ಪುಸ್ತಕ, 1553ರದ್ದು. ಅದನ್ನು ಕೇಳಿ ಖುಷಿಪಡಬೇಡಿ, ನಿಮ್ಮ ಅಜ್ಜನ ಊರಿನದು ಹಾಗಿರುವುದಿಲ್ಲ. ಬರೆಯುತ್ತಿದ್ದವರು ಹೆಚ್ಚಾಗಿ ಶಾಲೆಯ ಮೇಷ್ಟ್ರು. ಅವರಿಗೆ ಪುರುಸೊತ್ತಿದ್ದರೆ ಬರೆದರು, ಇಲ್ಲದಿದ್ದರೆ ಇಲ್ಲ. 1783ರಲ್ಲಿ ಒಂದೊಂದು ಹೆಸರು ಬರೆಸಲೂ ಮೂರು ಪೆನ್ಸ್ ತೆರಿಗೆ ಹಾಕಿದರು. ಬಡವರು ಸುಮ್ನೆ ಬರೆಸುವುದನ್ನೇ ಬಿಟ್ಟರು. 1794ರಲ್ಲಿ ಆ ತೆರಿಗೆ ಹೋಯಿತು, ಆದರೆ ಅಷ್ಟರಲ್ಲಿ ಎಷ್ಟೋ ಮಕ್ಕಳು ಲೆಕ್ಕದಿಂದಲೇ ಹೊರಗುಳಿದಿದ್ದರು. 1843ರಲ್ಲಿ ಚರ್ಚೇ ಒಡೆಯಿತು. ಬೇರೆಯಾಗಿ ಫ್ರೀ ಚರ್ಚ್ ಕಟ್ಟಿಕೊಂಡವರ ಮಕ್ಕಳ ಹೆಸರನ್ನು ಹಳೇ ಪುಸ್ತಕದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಹೆಣ ಹೂಳಿದ ಲೆಕ್ಕವಂತೂ ಇನ್ನೂ ಕಡಿಮೆ. ಕೆಲವೆಡೆ ಶವಪೆಟ್ಟಿಗೆಗೆ ಹೊದಿಸುವ ಕಪ್ಪು ಬಟ್ಟೆಗೆ ಯಾರು ಎಷ್ಟು ಬಾಡಿಗೆ ಕೊಟ್ಟರು ಅಂತ ಮಾತ್ರ ಇರುತ್ತದೆ.

ಬೆಂಗಳೂರಿನ ಆಂಟಿಯೊಬ್ಬರ ಕಥೆ ಹೇಳುತ್ತೇನೆ. ಮನೆತನದ ಹೆಸರು ಬೇಡ. ಅವರ ಅಜ್ಜ ಜಾನ್, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹುಟ್ಟಿದ್ದು 1852ರ ಸುಮಾರಿಗೆ, ಸ್ಕಾಟ್‌ಲ್ಯಾಂಡಿನ ಡಂಡೀ ಎಂಬ ಊರಿನ ಕಡೆಯವರು. ಆಂಟಿ ಡಂಡೀ ಚರ್ಚಿನ ಪುಸ್ತಕದಲ್ಲಿ ಅದೇ ಹೆಸರಿನ ಜಾನ್ ಒಬ್ಬನ ದೀಕ್ಷಾಸ್ನಾನದ, ಅಂದರೆ ಮಗುವಿಗೆ ಚರ್ಚಿನಲ್ಲಿ ನೀರು ಹಾಕಿ ಹೆಸರಿಡುವ ಶಾಸ್ತ್ರದ, ದಾಖಲೆ ಹಿಡಿದರು. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ್ದ ವಂಶವೃಕ್ಷಕ್ಕೆ ಅದನ್ನು ಗಂಟು ಹಾಕಿದರು. ಎರಡು ವರ್ಷ ಕೂತು 1690ರವರೆಗೆ ಹೋದರು. ಉದ್ದದ ಡ್ರಾಯಿಂಗ್ ಹಾಳೆ, ಬಣ್ಣಬಣ್ಣದ ಸ್ಕೆಚ್ ಪೆನ್ನು. ನನ್ನ ಮುಂದೆ ಹಾಸಿದಾಗ ಮೇಜು ಸಾಲಲಿಲ್ಲ.

"ಆಂಟಿ, ಈ ಹುಡುಗ ಸತ್ತದ್ದು ಎಲ್ಲಿ?" ಅಂದೆ. "ಹುಬ್ಬಳ್ಳಿಯಲ್ಲಿ" ಅಂದರು. ಹುಡುಕಿದೆ. ಆ ಜಾನ್ 1857ರಲ್ಲಿ ಡಂಡೀಯಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಅದೇ ಅಪ್ಪ, ಅದೇ ಅಮ್ಮ. ಐದನೇ ವಯಸ್ಸಿಗೆ ಹೋದ ಮಗು ಹುಬ್ಬಳ್ಳಿಗೆ ಬಂದು ಫಿಟ್ಟರ್ ಆಗುವುದು ಹೇಗೆ?

ಆಂಟಿ ಹಾಳೆ ಸುತ್ತಿಟ್ಟರು. ಆಮೇಲೆ ಕಾಫಿ ತರಿಸಿದೆ.

ಅಜ್ಜನ ನಿಜವಾದ ಸಾವು ನಮ್ಮ ಕರ್ನಾಟಕದ ಕಡೆ ಆಗಿತ್ತು. ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಹೆಸರು, ವಯಸ್ಸು, ಕೆಲಸ ಇತ್ತು, ಅಪ್ಪ ಅಮ್ಮ ಇರಲಿಲ್ಲ. ಹಾಗಾದರೆ ದಾರಿ ಮುಚ್ಚಿತಾ? ಇಲ್ಲ. ಅವನದಲ್ಲದಿದ್ದರೆ ಒಡಹುಟ್ಟಿದವರ ಸಾವು ಹುಡುಕಿ! ಆಂಟಿಯ ಬೈಬಲ್ಲಿನೊಳಗೆ ಕಪ್ಪು ಅಂಚಿನ ಒಂದು ಕಾರ್ಡು ಇತ್ತು. 1909, ಡಂಡೀ, ತಂಗಿ ಜೆಸ್ಸಿ ತೀರಿಕೊಂಡ ಸುದ್ದಿ. ಅವಳ ಮರಣಪತ್ರ ತೆಗೆದೆವು. ಅಪ್ಪ ಕೈಮಗ್ಗದ ನೇಕಾರ. ಅಮ್ಮನ ತವರಿನ ಹೆಸರೂ ಸಿಕ್ಕಿತು. ಅದನ್ನು ಹಿಡಿದು 1861ರ ಜನಗಣತಿಗೆ ಹೋದರೆ ಒಂದೇ ಮನೆಯಲ್ಲಿ ಜಾನ್, ಎಂಟು ವರ್ಷ, ಜೆಸ್ಸಿ, ಐದು ವರ್ಷ. ಇಬ್ಬರೂ ಹುಟ್ಟಿದ ಊರು ಡಂಡೀ ಅಲ್ಲವೇ ಅಲ್ಲ, ಕಿರಿಮ್ಯೂರ್! ಅಲ್ಲಿನ ಜನನದ ರಿಜಿಸ್ಟರಿನಲ್ಲಿ ಜೆಸ್ಸಿ ಅಂತ ಹುಡುಕಿದರೆ ಯಾರೂ ಇಲ್ಲ. ಜೆಸ್ಸಿ ಅಂದರೆ ಜಾನೆಟ್. ನಮ್ಮಲ್ಲಿ ಮನೆಯವರಿಗೆಲ್ಲ ಪುಟ್ಟಕ್ಕ, ಶಾಲೆಯಲ್ಲಿ ಪಾರ್ವತಿ ಇರಲ್ವಾ, ಹಾಗೆ.

ಜಾನೆಟ್ ಹುಟ್ಟಿದ್ದು 1855ರಲ್ಲಿ. ಅದು ಬಂಗಾರದಂಥ ವರ್ಷ. ಮೊದಲ ವರ್ಷದ ಉತ್ಸಾಹದಲ್ಲಿ ಗುಮಾಸ್ತರ ಕೈಯಲ್ಲಿ ಎಲ್ಲವನ್ನೂ ಬರೆಸಿದ್ದರು: ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಊರು, ಮದುವೆ ಎಲ್ಲಿ ಯಾವಾಗ, ಮುಂಚಿನ ಮಕ್ಕಳೆಷ್ಟು. ಕೆಲಸ ಜಾಸ್ತಿಯಾಯಿತು ಅಂತ ಮರುವರ್ಷವೇ ಕಡಿಮೆ ಮಾಡಿದರು. ಜಾನೆಟ್‌ಳ ಹಾಳೆಯಲ್ಲಿ ಒಂದು ಸಾಲು: ಒಬ್ಬ ಗಂಡು ಮಗ, ಬದುಕಿದ್ದಾನೆ. ಹೆಸರಿಲ್ಲ. ಆಂಟಿ ಆ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದರು.

ಅಯ್ಯೋ, ಸಮಯ ಆಗಿಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ವಾಡಿಕೆ ಇತ್ತು. ಸುಳಿವು ಸಿಗುತ್ತದೆ. ಮದುವೆ ಸಿಗಲಿಲ್ಲ ಅಂದರೆ ಗಾಬರಿ ಬೇಡ. ಪಾದ್ರಿ ಇಲ್ಲದೆ ಸಾಕ್ಷಿಗಳ ಮುಂದೆ ಒಪ್ಪಿಕೊಂಡರೂ 1940ರವರೆಗೆ ಅಲ್ಲಿ ಮದುವೆಯೇ. ಮಗುವಿನ ಅಪ್ಪ ಯಾರೆಂದು ಗೊತ್ತಾಗದಿದ್ದರೆ ಚರ್ಚಿನ ಹಿರಿಯರ ಪಂಚಾಯಿತಿಯ ಪುಸ್ತಕ ನೋಡಿ. ಹುಡುಗಿಯನ್ನು ಕರೆಸಿ ಬಾಯಿ ಬಿಡಿಸಿ ಬರೆದಿಡುತ್ತಿದ್ದರು, ಪಾಪ. ಐವತ್ತು ವರ್ಷ ದಾಟಿದ ಮರಣಪತ್ರಗಳು ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು.

ಜಾನ್‌ನ ದೀಕ್ಷಾಸ್ನಾನದ ದಾಖಲೆ ಇವತ್ತಿಗೂ ಸಿಕ್ಕಿಲ್ಲ. ಮನೆಯವರು ಫ್ರೀ ಚರ್ಚಿನವರು ಅಂತ ನನ್ನ ಅನುಮಾನ. ಮೂರು ತಲೆಮಾರು ಕೈಗೆ ಬಂದಿದೆ, ನೇಕಾರನ ಮಗ್ಗ ಇದ್ದ ಬೀದಿಯೂ ಗೊತ್ತಾಗಿದೆ. ಆದರೂ ಆಂಟಿ ಪ್ರತಿ ಕ್ರಿಸ್‌ಮಸ್ಸಿಗೆ ಫೋನ್ ಮಾಡಿ ಮೊದಲು ಕೇಳುವುದು ಅದನ್ನೇ. "ಏನಮ್ಮಾ, ಅಜ್ಜ ಹುಟ್ಟಿದ ಚೀಟಿ ಸಿಕ್ತಾ?"